ನಾಯಿ ಅಂಗಳ ಅಗೆಯುತ್ತಿದೆಯಾ? ಗುಂಡಿ ಮುಚ್ಚುವ ಮೊದಲು ಮಾಡಬೇಕಾದ ಕೆಲಸಗಳು

ಗುಂಡಿಗೆ ಮಣ್ಣು ಎಳೆದು, ಮೇಲೊಂದು ಕಲ್ಲು ಹೇರಿ, ಖಾರದಪುಡಿ ಎರಚಿ, ನಾಯಿಗೆ ಎರಡು ಬಿಟ್ಟು ಬಂದಿರುತ್ತೀರಿ. ಬೆಳಿಗ್ಗೆ ಎದ್ದು ನೋಡಿದರೆ ಕಲ್ಲಿನ ಪಕ್ಕದಲ್ಲೇ ಹೊಸ ಗುಂಡಿ. ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೆಯವರಿರಲಿ, ಶಿವಮೊಗ್ಗದಲ್ಲಿ ಸೈಟಿನ ಮನೆಯವರಿರಲಿ, ದೂರು ಮಾತ್ರ ಒಂದೇ: "ಏನು ಮಾಡಿದ್ರೂ ನಿಲ್ಲಲ್ಲ."

ಏನು ಮಾಡಿದ್ದೀರಿ ಎಂದು ಕೇಳಿದರೆ ಮೇಲಿನ ಪಟ್ಟಿಯೇ ಬರುತ್ತದೆ. ಎಲ್ಲರೂ ಕೊನೆಯ ಕೆಲಸವನ್ನು ಮೊದಲು ಮಾಡುತ್ತಾರೆ. ಮೊದಲು ಆಗಬೇಕಾದದ್ದು ಕಾರಣ ಹುಡುಕುವುದು. ಆಮೇಲೆ ಆ ಕಾರಣ ತೆಗೆಯುವುದು. ಆಮೇಲೆ ನಾಯಿಗೆ ಅಗೆಯಲು ಅಂತಲೇ ಒಂದು ಜಾಗ ಕೊಡುವುದು. ಇಷ್ಟಾದ ಮೇಲೆ ಉಳಿದ ಜಾಗಕ್ಕೆ ತಡೆ ಹಾಕಿ, ಆಗ ಗುಂಡಿ ಮುಚ್ಚುವುದು. ಈ ಕ್ರಮ ತಪ್ಪಿದರೆ ತಂದ ಜಾಲರಿ, ಪಟ್ಟ ಶ್ರಮ ಎರಡೂ ದಂಡ.

ಒಂದೇ ಒಂದು ವಿನಾಯಿತಿ: ಅಡಿಕೆ ಮರದ ಬೇರು ಹೊರಗೆ ಕಂಡಿದ್ದರೆ ಅವತ್ತೇ ಮಣ್ಣು ಎಳೆಯಿರಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಬಿಸಿಲು ತಾಗಿದರೂ ಕಷ್ಟ, ನೀರು ನಿಂತರೂ ಕಷ್ಟ.

ಬೇಕಾಗುವ ಸಾಮಾನು

ಹೆಚ್ಚಿನದ್ದು ಮನೆಯಲ್ಲೇ ಇರುತ್ತದೆ. ಹಾರೆ, ಗುದ್ದಲಿ, ಬುಟ್ಟಿ. ಕಬ್ಬಿಣ ಕತ್ತರಿಸುವ ಕಟ್ಟರ್, ಬೈಂಡಿಂಗ್ ವೈರ್, ಕೈಗೆ ದಪ್ಪ ಗ್ಲೌಸ್. 3 ಅಡಿ ಅಗಲದ ಜಿಐ ವೆಲ್ಡ್ ಮೆಷ್ (ಸತು ಲೇಪಿಸಿ ಬೆಸುಗೆ ಹಾಕಿದ ತಂತಿ ಜಾಲರಿ), ಬೇಲಿ ಎಷ್ಟು ಉದ್ದ ಇದೆಯೋ ಅಷ್ಟು. ಹೂವಿನ ಮಡಿಗೆ ಮಾತ್ರ ಆದರೆ ಕೋಳಿ ಜಾಲರಿ ಸಾಕು. ಬೇಲಿಗೆ ಅದನ್ನು ನಂಬಬೇಡಿ. ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ, ಗಟ್ಟಿ ನಾಯಿಯಾದರೆ ಹಲ್ಲಿನಲ್ಲೇ ಹರಿದು ಹಾಕುತ್ತದೆ.

ಇದರ ಜೊತೆ ಒಂದಿಷ್ಟು ಜಂಬಿಟ್ಟಿಗೆ ಕಲ್ಲಿನ ತುಂಡು ಅಥವಾ ದೊಡ್ಡ ಹೊಳೆಗಲ್ಲು, ಎರಡು ಮೂರು ಗೋಣಿಚೀಲ, ಹಂತ 4ರ ಜಾಗ ತುಂಬಲು ಬೇಕಾದಷ್ಟು ಮರಳು, 15 ಅಡಿಯ ಹಗುರ ಹಗ್ಗ. ನಾಯಿಗೆ ಕೊಡಲು ಸಣ್ಣ ಸಣ್ಣ ತಿನಿಸು: ಬೇಯಿಸಿದ ಕೋಳಿ ಚೂರು ಅಥವಾ ಮೊಟ್ಟೆ. ಮನೆಯಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದರೆ ಪನೀರ್ ಅಥವಾ ಒಣ ಚಪಾತಿಯ ಚೂರು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡ. ಇವು ನಾಯಿಗೆ ವಿಷ.

ಹಂತ 1: ಗುಂಡಿಯನ್ನು ನೋಡಿ, ನಾಯಿಯನ್ನಲ್ಲ

ಈ ಹಂತಕ್ಕೆ ಒಂದು ವಾರ ಕೊಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ಇದನ್ನು ಹಾರಿಸಿದವರೇ ಮುಂದೆ ಎಲ್ಲದರಲ್ಲೂ ಸೋಲುತ್ತಾರೆ. ಹಳೇ ನೋಟ್‌ಬುಕ್ಕಿನಲ್ಲಿ ಅಂಗಳ, ಹಿತ್ತಲು, ಬೇಲಿಯ ಒಂದು ಒರಟು ನಕ್ಷೆ ಬರೆಯಿರಿ. ಎಲ್ಲಿ ಹೊಸ ಗುಂಡಿ ಬಿತ್ತು, ಯಾವ ಹೊತ್ತಿಗೆ, ಆಗ ಮನೆಯಲ್ಲಿ ಯಾರಿದ್ದರು ಎಂದು ಗುರುತು ಹಾಕಿ. ಹತ್ತಿರ ಕುಕ್ಕರುಗಾಲಲ್ಲಿ ಕೂತು ಗುಂಡಿಯ ಆಕಾರ ನೋಡಿ. ಗುಂಡಿಯೇ ಕಾರಣ ಹೇಳುತ್ತದೆ.

ಉದ್ದುದ್ದ, ಆಳವಿಲ್ಲದ, ತಳ ನುಣುಪಾಗಿ ಒತ್ತಿಕೊಂಡಿರುವ ಗುಂಡಿಯಾದರೆ ಅದು ಮಲಗಲು ತೋಡಿದ್ದು. ಒಳಗೆ ನಾಯಿಯ ಕೂದಲು ಅಂಟಿರುತ್ತದೆ. ಇಂಥವು ಸಾಮಾನ್ಯವಾಗಿ ದಾಸವಾಳದ ಬುಡ, ನೀರಿನ ತೊಟ್ಟಿಯ ಪಕ್ಕ, ಗೋಡೆಯ ನೆರಳಲ್ಲಿ ಸಿಗುತ್ತವೆ. ಕಾರಣ ಸೆಕೆ. ಮೇಲಿನ ಮಣ್ಣು ಸುಡುತ್ತಿದ್ದರೂ ಒಂದು ಗೇಣು ಕೆಳಗೆ ತಂಪಿರುತ್ತದೆ, ಅದು ನಾಯಿಗೆ ಗೊತ್ತು.

ಒಂದೇ ಸಾಲಿನಲ್ಲಿ ಮೂರು ನಾಲ್ಕು ಗುಂಡಿ ಇದ್ದರೆ ಕೆಳಗೆ ಹೆಗ್ಗಣದ ಬಿಲ ಹಾದುಹೋಗಿರಬಹುದು. ಹಾರೆಯಿಂದ ಎರಡು ಗುಂಡಿಗಳ ನಡುವೆ ಚುಚ್ಚಿ ನೋಡಿ. ಹಾರೆ ಒಮ್ಮೆಲೇ ಪುಸಕ್ಕನೆ ಇಳಿದರೆ ಬಿಲ ಖಾತ್ರಿ. ಸಾಗರದ ಹತ್ತಿರ ಒಬ್ಬರು ತಮ್ಮ ನಾಯಿಗೆ ಡೇರೆ (ಡೇಲಿಯಾ) ಗಿಡ ಕಂಡರಾಗದು ಎಂದೇ ನಂಬಿದ್ದರು. ಗುಂಡಿಗಳ ಸಾಲು ಹಿಡಿದು ಹಿಂದಕ್ಕೆ ಹೋದರೆ ಅದು ಕೊಟ್ಟಿಗೆಯ ಹಿಂದಿನ ಭತ್ತದ ಹೊಟ್ಟಿನ ರಾಶಿಯಿಂದ ಶುರುವಾಗಿತ್ತು. ಹೆಗ್ಗಣದ ದಾರಿಯಲ್ಲಿ ಡೇರೆ ಮಡಿ ಅಡ್ಡ ಬಂದಿತ್ತು, ಅಷ್ಟೇ.

ಅಲ್ಲಲ್ಲಿ ಚದುರಿದ, ಮುಷ್ಟಿ ಗಾತ್ರದ ಸಣ್ಣ ಗುಂಡಿಗಳು, ಅದೂ ಮುಂಗಾರಿನ ಶುರುವಿನಲ್ಲಿ ಅಥವಾ ಮಳೆ ನಿಂತ ಮೇಲೆ ಜಾಸ್ತಿಯಾದರೆ, ಗೊಣ್ಣೆಹುಳುವಿನ (ಮಣ್ಣೊಳಗೆ ಬೇರು ತಿನ್ನುವ ಬಿಳಿ ಹುಳು) ಮೇಲೆ ಅನುಮಾನ ಪಡಿ. ನಾಯಿ ಅಗೆದು ಏನೋ ಕಚ್ಚಿ ತಿನ್ನುತ್ತಿದ್ದರೆ ಇನ್ನೂ ಖಚಿತ. ಸಗಣಿ ಗೊಬ್ಬರ ಹಾಕಿದ ಕಡೆ ಈ ಹುಳು ಜಾಸ್ತಿ.

ಬೇಲಿಯ ಬುಡದಲ್ಲಿ, ಗೇಟಿನ ಅಡಿಯಲ್ಲಿ ಮಾತ್ರ ಗುಂಡಿ ಇದ್ದರೆ ನಾಯಿ ಹೊರಗೆ ಹೋಗಲು ನೋಡುತ್ತಿದೆ. ಗಂಡು ನಾಯಿಯಾದರೆ ಊರಲ್ಲಿ ಯಾವುದೋ ಹೆಣ್ಣು ಬೆದೆಗೆ ಬಂದಿದೆ ಅಂತಲೂ ಅರ್ಥ. ನೀವು ಪೇಟೆಗೆ ಹೋದಾಗಲೇ ಬಾಗಿಲ ಮುಂದೆ, ಗೇಟಿನ ಹತ್ತಿರ ಅಗೆಯುತ್ತದೆ, ಜೊತೆಗೆ ಕೂಗುತ್ತದೆ, ಜೊಲ್ಲು ಸುರಿಸುತ್ತದೆ ಎಂದರೆ ಅದು ಹೆದರಿಕೆ. ಒಂಟಿ ಬಿಟ್ಟರೆ ತಡೆಯಲಾಗದ ನಾಯಿ ಅದು. ಅದಕ್ಕೆ ಜಾಲರಿ ಮದ್ದಲ್ಲ.

ಹೆಣ್ಣು ನಾಯಿ ಬೆದೆ ಮುಗಿದು ಸುಮಾರು ಎರಡು ತಿಂಗಳಿಗೆ ಮೂಲೆಯಲ್ಲಿ ಆಳವಾಗಿ ತೋಡಲು ಶುರುಮಾಡಿದರೆ ಮರಿ ಹಾಕಲು ಜಾಗ ಮಾಡುತ್ತಿದೆ. ನಾಯಿ ಗಬ್ಬ ಸುಮಾರು 63 ದಿನ. ಗಬ್ಬ ನಿಲ್ಲದಿದ್ದರೂ ಕೆಲವು ನಾಯಿಗಳಿಗೆ ಹೊಟ್ಟೆ, ಮೊಲೆ ಊದಿ ಇದೇ ಹೊತ್ತಿಗೆ ಹೀಗೆ ಆಗುತ್ತದೆ. ಆಗ ಬೈಯಬೇಡಿ. ಕೊಟ್ಟಿಗೆ ಮೂಲೆಯಲ್ಲಿ ಗೋಣಿ ಹಾಸಿದ ಪೆಟ್ಟಿಗೆ ಇಟ್ಟು, ಡಾಕ್ಟರಿಗೆ ತೋರಿಸಿ.

ಇನ್ನು ನೀವು ಗಿಡ ನೆಟ್ಟ ಮರುದಿನವೇ ಅದೇ ಜಾಗ ಅಗೆಯುತ್ತದೆ ಅಂದರೆ, ಮಣ್ಣು ಮೆತ್ತಗಿದೆ, ಹೊಸ ವಾಸನೆ ಇದೆ. ದೀಪಾವಳಿ ಆಸುಪಾಸು ಅಂಗಳ ಮಾಡುವಾಗ ಕೆತ್ತಿ ಸಡಿಲ ಮಾಡಿದ ಮಣ್ಣಿಗೆ ನಾಯಿ ಬೀಳುವುದೂ ಇದಕ್ಕೇ.

ಇದರಲ್ಲಿ ಒಂದಕ್ಕಿಂತ ಹೆಚ್ಚು ಕಾರಣ ಸೇರಿರುವುದು ಸಾಮಾನ್ಯ. ಯಾವುದರ ಗುಂಡಿ ಜಾಸ್ತಿ ಇದೆಯೋ ಅಲ್ಲಿಂದ ಶುರುಮಾಡಿ.

ಹಂತ 2: ಮಣ್ಣಿನೊಳಗಿಂದ ಕರೆಯುತ್ತಿರುವುದನ್ನು ತೆಗೆಯಿರಿ

ಕೆಳಗೆ ಹೆಗ್ಗಣ ಓಡಾಡುತ್ತಿದ್ದರೆ ಮೇಲೆ ನಾಯಿಯನ್ನು ತಡೆಯುವುದು ಸಾಧ್ಯವೇ ಇಲ್ಲ. ಹೆಗ್ಗಣಕ್ಕೆ ಆಸರೆಯಾದ ರಾಶಿ ತೆಗೆಯಿರಿ: ಹೊಟ್ಟು, ಹಳೇ ಸೋಗೆ (ಅಡಿಕೆ ಗರಿ), ಅಡಿಕೆ ಸಿಪ್ಪೆಯ ಗುಡ್ಡೆ, ಕಟ್ಟಿಗೆ. ಕೋಳಿ ಆಹಾರ, ದನದ ಹಿಂಡಿಯನ್ನು ಮುಚ್ಚಳದ ಡ್ರಮ್ಮಿಗೆ ಹಾಕಿ. ರಾತ್ರಿ ನಾಯಿಯ ತಟ್ಟೆಯಲ್ಲಿ ಅನ್ನ ಉಳಿಸಬೇಡಿ. ಹೆಗ್ಗಣ ಬರುವುದೇ ಆ ಅನ್ನಕ್ಕೆ. ಹಿಡಿಯಲು ಬೋನು ಇಡಿ.

ಇಲಿ ಪಾಷಾಣ ಮಾತ್ರ ಬೇಡ. ನಾಯಿ ನೇರವಾಗಿ ತಿನ್ನಬಹುದು, ವಿಷ ತಿಂದ ಹೆಗ್ಗಣವನ್ನು ತಿಂದೂ ಸಾಯಬಹುದು. "ನಮ್ಮ ನಾಯಿ ಮುಟ್ಟಲ್ಲ" ಎನ್ನುವ ಮಾತನ್ನು ನಂಬಬೇಡಿ. ಹೆಗ್ಗಣದ ಬಿಲ ಅಗೆಯುವ ನಾಯಿಗೆ ಇಲಿಜ್ವರದ ಅಪಾಯವೂ ಇದೆ. ಇಲಿಯ ಮೂತ್ರ ಬೆರೆತ ಒದ್ದೆ ಮಣ್ಣು, ನೀರಿನಿಂದ ಅದು ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ. ವರ್ಷದ ಚುಚ್ಚುಮದ್ದಿನಲ್ಲಿ ಇಲಿಜ್ವರದ್ದೂ ಸೇರಿದೆಯಾ ಎಂದು ಕೇಳಿ ಹಾಕಿಸಿ. ಗುಂಡಿ ಮುಟ್ಟುವಾಗ ನೀವೂ ಗ್ಲೌಸ್ ಹಾಕಿ.

ಗೊಣ್ಣೆಹುಳು ಇದ್ದರೆ ಸಣ್ಣ ಜಾಗವಾದರೆ ಮಣ್ಣು ತಿರುವಿ ಕೈಯಲ್ಲೇ ಆರಿಸಿ, ಕೋಳಿಗೆ ಹಾಕಿ. ಹಸಿ ಸಗಣಿ ಹಾಕುವುದು ಬಿಟ್ಟು ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಿ. ತೋಟಕ್ಕೆ ಕೀಟನಾಶಕ ಹಾಕಲೇಬೇಕಾದ ಪರಿಸ್ಥಿತಿ ಬಂದರೆ ಅಷ್ಟು ದಿನ ನಾಯಿ ಆ ಕಡೆ ಹೋಗದ ಹಾಗೆ ಕಟ್ಟುನಿಟ್ಟು ಮಾಡಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮರದ ಬುಡದ ಮಣ್ಣೂ ಅಷ್ಟೇ. ಪಂಜಕ್ಕೆ ಮೆತ್ತಿದ ಮೈಲುತುತ್ತವನ್ನು ನಾಯಿ ನೆಕ್ಕಿಯೇ ನೆಕ್ಕುತ್ತದೆ.

ಈಗ ಗೊಬ್ಬರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಗುಲಾಬಿ, ಡೇರೆಗೆ ಹಾಕುವ ಮೂಳೆ ಪುಡಿ, ಮೀನು ಗೊಬ್ಬರ, ಶೇಂಗಾ ಹಿಂಡಿ ನಾಯಿಯ ಮೂಗಿಗೆ ಊಟದ ವಾಸನೆ. ಬುಡ ಅಗೆದು ತಿನ್ನುವುದು ಅದರ ತಪ್ಪಲ್ಲ. ಹರಳು ಹಿಂಡಿ ಇನ್ನೂ ಕೆಟ್ಟದ್ದು. ಔಡಲದ ಬೀಜದ ವಿಷ ಹಿಂಡಿಯಲ್ಲಿ ಉಳಿದಿರುತ್ತದೆ, ನಾಯಿ ತಿಂದರೆ ವಾಂತಿ, ರಕ್ತಭೇದಿ, ಕೆಲವೊಮ್ಮೆ ಸಾವು. ತಿಂದ ತಕ್ಷಣ ಏನೂ ಕಾಣದೆ ಎಷ್ಟೋ ಗಂಟೆ ಕಳೆದ ಮೇಲೆ ಲಕ್ಷಣ ಶುರುವಾಗುವುದರಿಂದ ಜನ ಮೋಸ ಹೋಗುತ್ತಾರೆ. ನಾಯಿ ಓಡಾಡುವ ಹಿತ್ತಲಿಗೆ ಹರಳು ಹಿಂಡಿ ಬೇಡವೇ ಬೇಡ. ಉಳಿದವನ್ನು ಹಾಕಿದರೂ ಆಳಕ್ಕೆ ಬೆರೆಸಿ, ಮೇಲೆ ಹಂತ 5ರ ಜಾಲರಿ ಹಾಸಿ.

ಮೀನಿನ ತ್ಯಾಜ್ಯ, ಕೋಳಿಯ ಕರುಳು, ಮೂಳೆಯನ್ನು ಹಿತ್ತಲಲ್ಲಿ ಹೂಳುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ನಾಯಿ ತಾನೇ ಮೂಳೆ ಹೂತಿಟ್ಟು ಆಮೇಲೆ ತೋಡುತ್ತಿದ್ದರೆ ಮೂಳೆ ಕೊಡುವುದನ್ನೇ ಬಿಡಿ. ಬೇಯಿಸಿದ ಮೂಳೆ ಹೇಗೂ ಕೊಡಬಾರದು, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಹಂತ 3: ಸೆಕೆ ಮತ್ತು ಬೇಸರಕ್ಕೆ ಪರಿಹಾರ

ಸೆಕೆಯ ಗುಂಡಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ನಾಯಿಗೆ ಆ ಗುಂಡಿಗಿಂತ ತಂಪಾದ ಜಾಗ ಕೊಡಿ. ಮಾಡಿನ ಕೆಳಗೆ, ಗಾಳಿ ಆಡುವ ಕಡೆ, ನೆನೆಸಿ ಹಿಂಡಿದ ಗೋಣಿಚೀಲ ಹಾಸಿ. ಮಣ್ಣಿನ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ, ಮಧ್ಯಾಹ್ನ ಒಮ್ಮೆ ಬದಲಿಸಿ. ತಗಡಿನ ಗೂಡಾದರೆ ಮೇಲೆ ಸೋಗೆ ಹೊದೆಸಿ. ಏಪ್ರಿಲ್‌ನಲ್ಲಿ ತಗಡಿನೊಳಗೆ ನೀವೇ ಐದು ನಿಮಿಷ ಕೂತು ನೋಡಿ, ನಾಯಿ ಯಾಕೆ ಅಗೆಯುತ್ತದೆ ಅಂತ ತಿಳಿಯುತ್ತದೆ.

ಬೇಸರದ ಗುಂಡಿಗೆ, ಅಂದರೆ ಮಾಡಲು ಏನೂ ಇಲ್ಲದೆ ನಾಯಿ ತೋಡುವ ಗುಂಡಿಗೆ, ಕೆಲಸ ಬೇಕು. ಬೆಳಿಗ್ಗೆ ಸಂಜೆ ಅರ್ಧ ಮುಕ್ಕಾಲು ಗಂಟೆ ನಡೆಸಿ. ನಡಿಗೆ ಎಂದರೆ ಎಳೆದುಕೊಂಡು ಓಡುವುದಲ್ಲ, ಬೇಕಾದಲ್ಲಿ ನಿಂತು ಮೂಸಲು ಬಿಡುವುದು. ಮೂಸಿದಷ್ಟೂ ನಾಯಿಯ ತಲೆ ದಣಿಯುತ್ತದೆ. ಊಟವನ್ನು ದಿನಾ ತಟ್ಟೆಯಲ್ಲೇ ಹಾಕಬೇಕೆಂದಿಲ್ಲ. ಎರಡು ಅಡಿಕೆ ಹಾಳೆಯ ತಟ್ಟೆ ಮುಖಾಮುಖಿ ಮುಚ್ಚಿ ಒಳಗೆ ಒಣ ಆಹಾರ ಇಟ್ಟು ಕೊಡಿ. ಅದನ್ನು ಬಿಡಿಸಿ ತಿನ್ನಲು ಬೇಕಾಗುವ ಹೊತ್ತು ಗಿಡದ ಬುಡದಲ್ಲಿ ಕಳೆಯುವುದು ತಪ್ಪುತ್ತದೆ. ಹಾಳೆ ನುಂಗುವ ನಾಯಿಯಾದರೆ ಪಕ್ಕದಲ್ಲಿ ನಿಂತಿರಿ. ಆಟಕ್ಕೆ ಅಂತ ಅಡಿಕೆ ಕಾಯಿ ಕೊಡಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ನಾಯಿಗೆ ಜೊಲ್ಲು, ವಾಂತಿ, ನಡುಕ ತರುತ್ತದೆ. ಸುಲಿಯುವ ಕಾಲದಲ್ಲಿ ರಾಶಿಯ ಹತ್ತಿರವೂ ಬಿಡಬೇಡಿ.

ಇಡೀ ದಿನ ಸರಪಳಿಯಲ್ಲಿರುವ ನಾಯಿ ಸರಪಳಿ ಮುಟ್ಟುವಷ್ಟು ಸುತ್ತ ಅಗೆದೇ ಅಗೆಯುತ್ತದೆ. ಆ ನಾಯಿಗೆ ಈ ಬರಹದ ಉಳಿದ ಹಂತ ಯಾವುದೂ ಕೆಲಸ ಮಾಡುವುದಿಲ್ಲ. ಮೊದಲು ಸರಪಳಿಯ ಹೊತ್ತು ಕಡಿಮೆ ಮಾಡಿ.

ಹಂತ 4: ಅಗೆಯಲು ಒಂದು ಜಾಗ ಮಾಡಿಕೊಡಿ

"ಅಗೆಯೋದು ನಿಲ್ಲಿಸಿ ಅಂದ್ರೆ ಅಗೆಯೋಕೆ ಜಾಗ ಮಾಡಿ ಅಂತೀರಲ್ಲ" ಎಂದು ನಗುವವರೇ ಜಾಸ್ತಿ. ಆದರೆ ಡ್ಯಾಶ್‌ಹಂಡ್, ಬೀಗಲ್, ಟೆರಿಯರ್ ಜಾತಿಯವು, ಹುಟ್ಟಾ ಚುರುಕಾದ ನಮ್ಮ ಊರ ನಾಯಿಗಳು ಅಗೆಯದೆ ಇರುವುದಿಲ್ಲ. ಎಲ್ಲಿ ಅಗೆಯಬೇಕು ಎನ್ನುವುದನ್ನು ಕಲಿಸಬಹುದು, ಅಗೆಯಲೇಬಾರದು ಎಂದು ಕಲಿಸುವುದು ಕಷ್ಟ.

ಜಾಗ ನೆರಳಲ್ಲಿರಲಿ, ನೀವು ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಗಿರಲಿ, ಹೂವಿನ ಮಡಿಯಿಂದ ದೂರವಿರಲಿ. ಮಧ್ಯಮ ಗಾತ್ರದ ನಾಯಿಗೆ 4 ಅಡಿಗೆ 4 ಅಡಿ ಸಾಕು, ಒಂದೂವರೆ ಅಡಿ ಆಳ. ತಳಕ್ಕೆ 3 ಇಂಚು ಜಲ್ಲಿ ಹಾಕಿ, ಮೇಲೆ ಮರಳು ಮತ್ತು ಜರಡಿ ಹಿಡಿದ ಮಣ್ಣನ್ನು ಸಮ ಸಮ ಬೆರೆಸಿ ತುಂಬಿ. ಬರೀ ಕೆಂಪು ಮಣ್ಣು ಹಾಕಿದರೆ ಮಳೆಗೆ ರಾಡಿ, ಬೇಸಿಗೆಗೆ ಕಲ್ಲು. ಸುತ್ತ ಜಂಬಿಟ್ಟಿಗೆ ಅಥವಾ ಬಿದ್ದ ಅಡಿಕೆ ಮರದ ತುಂಡಿನ ಅಂಚು ಕಟ್ಟಿ. ನಾಯಿಗೆ ಗಡಿ ಕಣ್ಣಿಗೆ ಕಾಣಬೇಕು, ಕಾಲಿಗೂ ತಾಗಬೇಕು.

ಮಲೆನಾಡಲ್ಲಿ ಇನ್ನೊಂದು ಕೆಲಸ ಇದೆ. ಆಗುಂಬೆ ಕಡೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಅಲ್ಲಿ ಬಯಲಲ್ಲಿ ಗುಂಡಿ ಮಾಡಿದರೆ ಜೂನ್ ಎರಡನೇ ವಾರಕ್ಕೆ ಅದು ಕಪ್ಪೆಯ ಕೆರೆ. ಅಂಚನ್ನು ಅರ್ಧ ಅಡಿ ಎತ್ತರಿಸಿ, ಮೇಲೆ ಹಳೇ ತಗಡು ಅಥವಾ ಶೀಟು ಹಾಕಿ, ಪಕ್ಕದಲ್ಲಿ ಬಸಿಗಾಲುವೆ ತೆಗೆಯಿರಿ. ಅದಾಗದಿದ್ದರೆ ಖಾಲಿ ಕೊಟ್ಟಿಗೆಯ ಮೂಲೆಯಲ್ಲೇ ಮಾಡಿ, ನಾಲ್ಕು ಹಲಗೆ ನಿಲ್ಲಿಸಿದರೆ ಮುಗಿಯಿತು. ರಾತ್ರಿ ಮುಚ್ಚಿಡಿ. ಇಲ್ಲವಾದರೆ ಊರ ಬೆಕ್ಕುಗಳೆಲ್ಲ ಅದನ್ನು ಕಕ್ಕಸು ಮಾಡಿಕೊಳ್ಳುತ್ತವೆ.

ಕಾಡಿನ ತರಗೆಲೆ ತಂದು ಇದರಲ್ಲಿ ಹಾಕಬೇಡಿ. ಉಣುಗು (ಉಣ್ಣೆ) ಬರುವುದೇ ಅದರಲ್ಲಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರುವ ನಮ್ಮ ತಾಲೂಕುಗಳಲ್ಲಿ ಇದನ್ನು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಕಲಿಸುವುದು ಹೀಗೆ. ಮೊದಲ ದಿನ ನಾಯಿಯ ಕಣ್ಣೆದುರೇ ಅದರ ಇಷ್ಟದ ಆಟಿಕೆಯನ್ನು ಅರ್ಧ ಕಾಣುವಂತೆ ಹೂತಿಡಿ. "ತೋಡು" ಎನ್ನಿ. ಒಂದೇ ಮಾತು, ಮನೆಯವರೆಲ್ಲರೂ ಅದೇ ಮಾತು. ಎರಡು ಸಲ ಕೆರೆದರೂ ಸಾಕು, "ಭೇಷ್" ಎಂದು ತಿನಿಸು ಕೊಡಿ. ಮೂರು ನಾಲ್ಕು ದಿನ ಕಳೆದ ಮೇಲೆ ಪೂರ್ತಿ ಹೂಳಿ, ಆಮೇಲೆ ಒಂದು ಗೇಣು ಆಳಕ್ಕೆ. ನಾಯಿ ನೋಡದಿದ್ದಾಗ ಹೂತಿಡುವುದು ಕೊನೆಗೆ. ಆಗ ಅದು ತಾನಾಗಿ ಹೋಗಿ ಹುಡುಕಲು ಶುರುಮಾಡುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಜಾಗ ಮಾಡಿ, ನಾಯಿಯನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ ಬಿಟ್ಟುಬಿಡುವುದು. ಖಾಲಿ ಮರಳಿನಲ್ಲಿ ಅದಕ್ಕೇನು ಕೆಲಸ? ಎರಡು ಮೂರು ವಾರವಾದರೂ ದಿನಾ ಏನಾದರೂ ಸಿಗಬೇಕು.

ಹಂತ 5: ಈಗ ತಡೆ, ಜೊತೆಗೆ ಗುಂಡಿ ಮುಚ್ಚುವುದು

ಹೂವಿನ ಮಡಿ: ಗುಂಡಿಗೆ ಮಣ್ಣು ತುಂಬಿ ಕಾಲಿಂದ ಚೆನ್ನಾಗಿ ತುಳಿಯಿರಿ. ಸಡಿಲ ಬಿಟ್ಟರೆ ಮತ್ತೆ ಕರೆ ಕಳಿಸಿದ ಹಾಗೆ. ಮೇಲೆ ಕೋಳಿ ಜಾಲರಿ ಚಪ್ಪಟೆಯಾಗಿ ಹಾಸಿ, ಗಿಡದ ಕಾಂಡದ ಸುತ್ತ ಒಂದು ಮುಷ್ಟಿ ಜಾಗ ಬಿಟ್ಟು ಕತ್ತರಿಸಿ. ಕತ್ತರಿಸಿದ ತಂತಿಯ ತುದಿಗಳನ್ನೆಲ್ಲ ಕೆಳಗೆ ಮಡಚಿ. ಅಂಗೈ ಸವರಿ ನೋಡಿ, ಎಲ್ಲೂ ಚುಚ್ಚಬಾರದು, ಚುಚ್ಚಿದರೆ ನಾಯಿಯ ಪಂಜ ಸೀಳುತ್ತದೆ. ಮೇಲೆ 2 ಇಂಚು ಮಣ್ಣು ಎಳೆಯಿರಿ. ನಾಯಿ ಬಂದು ಮೂಸುತ್ತದೆ, ಒಂದು ಕಾಲಿಂದ ಕೆರೆಯುತ್ತದೆ, ಉಗುರು ತಂತಿಗೆ ತಾಗಿದ ಕೂಡಲೇ ಕಾಲು ಎತ್ತಿ ಒಂದು ಕ್ಷಣ ಮಣ್ಣನ್ನೇ ನೋಡುತ್ತದೆ. ಅಲ್ಲಿಂದ ಹೊರಟಿತು ಅಂದರೆ ಜಾಲರಿ ಸರಿ ಕೂತಿದೆ. ಅಂಚು ಹುಡುಕಿ ಎಳೆಯಲು ಶುರುಮಾಡಿದರೆ ಅಂಚಿಗೆ ಕಲ್ಲು ಹೇರಿ.

ಡೇರೆಗೆ ಗೆಡ್ಡೆ ನೆಡುವಾಗಲೇ ಜಾಲರಿ ಹಾಕುವುದು ಒಳ್ಳೆಯದು. ಗಿಡ ಬೆಳೆದ ಮೇಲೆ ಹಾಕಲು ಹೋದರೆ ಕಾಂಡ ಮುರಿಯುವುದು ನೀವೇ. ದಾಸವಾಳ, ಗುಲಾಬಿಯಂಥ ಗಟ್ಟಿ ಗಿಡಕ್ಕೆ ಜಾಲರಿ ಬೇಕಿಲ್ಲ, ಬುಡದ ಸುತ್ತ ಎರಡು ಸಾಲು ದೊಡ್ಡ ಹೊಳೆಗಲ್ಲು ಸಾಕು. ಸಣ್ಣ ಕಲ್ಲು ಹಾಕಬೇಡಿ, ನಾಯಿ ಬಾಯಲ್ಲಿ ಹೊತ್ತು ಆಡುತ್ತದೆ, ನುಂಗುತ್ತದೆ. ಅಡಿಕೆ ಬುಡಕ್ಕೆ ಸೋಗೆ ಮುಚ್ಚಿ, ಮೇಲೆ ದಬ್ಬೆ (ಸೀಳಿದ ಅಡಿಕೆ ಮರ) ಅಡ್ಡ ಹಾಕಿ ಭಾರ ಕೊಡಿ.

ಬೇಲಿ: 3 ಅಡಿ ಅಗಲದ ಮೆಷ್ ಅನ್ನು ಉದ್ದಕ್ಕೂ ಮಡಚಿ. 1 ಅಡಿ ಬೇಲಿಗೆ ಒತ್ತಿ ನಿಲ್ಲಬೇಕು, 2 ಅಡಿ ನೆಲದ ಮೇಲೆ ನಾಯಿ ಇರುವ ಕಡೆಗೆ, ಅಂದರೆ ಒಳಗಡೆಗೆ, ಚಾಚಿಕೊಂಡಿರಬೇಕು. ಹೊರಗಡೆಗೆ ಹಾಸಿದರೆ ಏನೂ ಉಪಯೋಗವಿಲ್ಲ. ತುಂಬಾ ಜನ ತಪ್ಪುವುದು ಇಲ್ಲೇ. ನಾಯಿ ಯಾವಾಗಲೂ ಬೇಲಿಗೆ ತಾಗಿಯೇ ಅಗೆಯಲು ಶುರುಮಾಡುತ್ತದೆ. ತಾನು ನಿಂತ ನೆಲದಲ್ಲೇ ಜಾಲರಿ ಇದೆ, ಎರಡು ಅಡಿ ಹಿಂದೆ ಸರಿದು ಅಗೆಯಬೇಕು ಎಂದು ಅದಕ್ಕೆ ಹೊಳೆಯುವುದಿಲ್ಲ. ಮೇಲಿನ ಅಂಚನ್ನು ಬೇಲಿಗೆ ಅರ್ಧರ್ಧ ಅಡಿಗೆ ಬೈಂಡಿಂಗ್ ವೈರಿನಿಂದ ಬಿಗಿದು, ಕೆಳಗಿನದನ್ನು ಗೂಟ ಹೊಡೆದು ಮಣ್ಣು ಮುಚ್ಚಿ. ಹುಲ್ಲು ಬೆಳೆದು ಅದರೊಳಗೆ ಹೆಣೆದುಕೊಂಡರೆ ಇನ್ನೂ ಗಟ್ಟಿ.

ಗೇಟಿನ ಕೆಳಗೆ ಜಾಲರಿ ನಿಲ್ಲುವುದಿಲ್ಲ, ಗಾಡಿ ಹತ್ತುತ್ತದೆ. ಅಲ್ಲಿ ಚಪ್ಪಡಿ ಹಾಕಿ ಅಥವಾ ಒಂದು ಸಾಲು ಜಂಬಿಟ್ಟಿಗೆಯನ್ನು ನೆಲಮಟ್ಟಕ್ಕೆ ಹೂಳಿ. ಇದಕ್ಕೂ ಮೊದಲು ಪಂಪಿನ ಕೇಬಲ್, ಅರ್ಥಿಂಗ್ ಗುಂಡಿ, ಡ್ರಿಪ್ ಪೈಪು ಎಲ್ಲಿ ಹಾದುಹೋಗಿದೆ ನೋಡಿಕೊಳ್ಳಿ. ಗೂಟ ಹೊಡೆಯುವುದು ನೀವು, ಅಗೆಯುವುದು ನಾಯಿ, ಇಬ್ಬರಿಗೂ ಅಪಾಯ.

ಹಂತ 6: ಅಗೆಯುವಾಗಲೇ ಸಿಕ್ಕಿದರೆ

ಓಡಿಹೋಗಬೇಡಿ, ಕೂಗಬೇಡಿ. ಅದು ಆಟ ಅಂದುಕೊಳ್ಳುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ, ತಲೆ ಎತ್ತಿದ ಕೂಡಲೇ "ಬಾ" ಎಂದು ಕರೆದು, ಅಗೆಯುವ ಜಾಗಕ್ಕೆ ಕರೆದುಕೊಂಡು ಹೋಗಿ "ತೋಡು" ಎನ್ನಿ. ಅಲ್ಲಿ ಕೆರೆದರೆ ತಿನಿಸು. ಕರೆದರೂ ಬಾರದ ನಾಯಿಗೆ ಮೊದಲ ದಿನಗಳಲ್ಲಿ ಕೊರಳಪಟ್ಟಿಗೆ ಆ 15 ಅಡಿ ಹಗ್ಗ ಕಟ್ಟಿ ಎಳೆದುಕೊಂಡು ಓಡಾಡಲು ಬಿಡಿ, ನೀವು ತುದಿ ಹಿಡಿದರೆ ಸಾಕು. ನೀವು ಅಲ್ಲಿ ಇಲ್ಲದಾಗ ಹಗ್ಗ ಬಿಚ್ಚಿ, ಗಿಡಕ್ಕೆ ಸುತ್ತಿಕೊಂಡರೆ ಕಷ್ಟ.

ನೀವು ನೋಡುವಷ್ಟರಲ್ಲಿ ಅಗೆದು ಮುಗಿಸಿದ್ದರೆ ಏನೂ ಮಾಡುವ ಹಾಗಿಲ್ಲ. ಸಂಜೆ ಬಂದು ಬೆಳಗಿನ ಗುಂಡಿಗೆ ಮೂಗು ಒತ್ತಿ ಹೊಡೆದರೆ ನಾಯಿಗೆ ತಿಳಿಯುವುದು ಒಂದೇ: ಯಜಮಾನ ಗೇಟು ತೆಗೆದರೆ ಪೆಟ್ಟು ಬೀಳುತ್ತದೆ. ಕಿವಿ ಹಿಂದಕ್ಕೆ ಮಾಡಿ ಬಗ್ಗಿ ಕೂತಿದ್ದನ್ನು ನೋಡಿ "ಅದಕ್ಕೆ ತಪ್ಪು ಗೊತ್ತಾಗಿದೆ" ಎನ್ನುತ್ತೇವೆ. ಅದು ಹೆದರಿಕೆ ಮಾತ್ರ.

ಶುರುವಿನ ಕೆಲವು ದಿನ ಗುಂಡಿ ಜಾಸ್ತಿಯಾಗಬಹುದು. ಹಳೇ ಜಾಗದಲ್ಲಿ ಜಾಲರಿ ಸಿಕ್ಕಿದ ಸಿಟ್ಟಿಗೆ ಹೊಸ ಜಾಗ ಹುಡುಕುತ್ತದೆ. ಆಗ ಕೈಬಿಟ್ಟವರೇ "ಇದೆಲ್ಲ ಸುಮ್ನೆ" ಎನ್ನುವುದು. ಮೂರು ನಾಲ್ಕು ವಾರ ಹಿಡಿದು ಮಾಡಿ.

ಇವನ್ನು ಮಾಡಬೇಡಿ

ಖಾರದಪುಡಿ, ಮೆಣಸಿನ ಪುಡಿ: ಮೊದಲ ಮಳೆಗೆ ತೊಳೆದುಹೋಗುತ್ತದೆ, ಅಷ್ಟರೊಳಗೆ ನಾಯಿಯ ಕಣ್ಣು ಮೂಗು ಉರಿಸಿರುತ್ತದೆ. ನುಸಿಗುಳಿಗೆ: ನುಂಗಿದರೆ ವಿಷ. ಫಿನಾಯಿಲ್: ಪಂಜ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಗುಂಡಿಗೆ ನಾಯಿಯ ಮಲ ಹಾಕಿ ಮುಚ್ಚುವುದು: ಕೆಲವು ನಾಯಿ ಹಿಂದೆ ಸರಿಯುತ್ತವೆ ನಿಜ, ಆದರೆ ನಮ್ಮ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳು ಹರಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಬರಿಗಾಲಲ್ಲಿ ಓಡಾಡುವ ಮಕ್ಕಳಿಗೂ ಅಪಾಯ. ಹಂದಿಗೆ ಹಾಕಿದ ಹಾಗೆ ಬೇಲಿಗೆ ಕರೆಂಟು ಕೊಡುವ ಯೋಚನೆಯನ್ನಂತೂ ಮಾಡಲೇಬೇಡಿ.

ಅಗೆಯದಿರಲಿ ಎಂದು ರಾತ್ರಿ ಹಿತ್ತಲಲ್ಲಿ ಕಟ್ಟಿಹಾಕುವುದೂ ಬೇಡ. ತೋಟದ ಮನೆಗಳಿಗೆ ಚಿರತೆ ಬರುವುದು ನಾಯಿಗೇ. ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ರಾತ್ರಿ ಬಾಗಿಲಿರುವ ಕೊಟ್ಟಿಗೆಯಲ್ಲೋ ಜಗಲಿಯಲ್ಲೋ ಮಲಗಿಸಿ.

ಯಾವಾಗ ಕೆಲಸ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು

ನಾಯಿ ಒಂದೇ ಬಿಲದ ಮುಂದೆ ನಿಂತು ಕೆರೆಯುತ್ತಾ, ಹಿಂದೆ ಹಾರುತ್ತಾ, ಮತ್ತೆ ಮುಂದೆ ನುಗ್ಗುತ್ತಾ ಬೊಗಳುತ್ತಿದ್ದರೆ ಒಳಗೆ ಹಾವಿರಬಹುದು. ಹೆಗ್ಗಣದ ಬಿಲಕ್ಕೆ ನಾಗರಹಾವು ಬರುವುದು ಮಾಮೂಲು. ದೂರದಿಂದ ಕರೆದು ಒಳಗೆ ಹಾಕಿ, ಬಿಲಕ್ಕೆ ಕೈ ಹಾಕಬೇಡಿ. ಮೂತಿ ಅಥವಾ ಕಾಲು ಊದಿಕೊಂಡರೆ, ಕಾಲು ತೊಡರಿದರೆ, ವಸಡಲ್ಲಿ ರಕ್ತ ಬಂದರೆ ಹಗ್ಗ ಬಿಗಿಯುವುದು, ಕುಯ್ಯುವುದು ಬೇಡ. ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.

ಬಾಯಲ್ಲಿ ನೊರೆ, ಜೊಲ್ಲು ಒಮ್ಮೆಲೇ ಬಂದರೆ ನಾಯಿ ನೆಲಗಪ್ಪೆಯನ್ನು ಕಚ್ಚಿರಬಹುದು. ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿ, ಮೂತಿ ಕೆಳಗೆ ಮಾಡಿ ನೀರು ಬಿಡಿ, ಗಂಟಲಿಗೆ ನೀರು ಹೋಗಬಾರದು. ನಡುಕ ಬಂದರೆ ತಡಮಾಡಬೇಡಿ. ಬೇಲಿಯಲ್ಲಿ ಬೆಳೆಯುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆ ಅಗೆದು ತಿಂದಿದ್ದರೆ ನಾಯಿ ಚೆನ್ನಾಗಿದ್ದರೂ ಕಾಯಬೇಡಿ. ಅದು ಕಡು ವಿಷ. ಗೆಡ್ಡೆಯ ತುಂಡನ್ನು ಜೊತೆಗೆ ಒಯ್ಯಿರಿ.

ಇನ್ನು ನಿಧಾನಕ್ಕೆ ಕಾಣುವ ಸೂಚನೆಗಳು: ಅಗೆದು ಮಣ್ಣನ್ನೇ ತಿನ್ನುವುದು, ವಸಡು ಬೆಳ್ಳಗಾಗುವುದು. ಇದು ಜಂತು ಅಥವಾ ರಕ್ತಹೀನತೆ ಇರಬಹುದು, ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ ಬಿದ್ದಿದೆಯಾ ನೋಡಿ. ಉಗುರು ಕಿತ್ತು ರಕ್ತ ಬಂದರೂ ಅಗೆಯುತ್ತಲೇ ಇದ್ದರೆ, ಯಾವತ್ತೂ ಅಗೆಯದ ವಯಸ್ಸಾದ ನಾಯಿ ಒಮ್ಮೆಲೇ ಶುರುಮಾಡಿದರೆ, ಒಂಟಿಯಾದಾಗ ಗಾಬರಿಯಿಂದ ಅಗೆಯುವ ನಾಯಿಯಾದರೆ ತೋರಿಸಿ. ಹತ್ತಿರದ ಪಶು ಆಸ್ಪತ್ರೆ ಆಗುತ್ತದೆ, ಶಿವಮೊಗ್ಗದವರಿಗೆ ಪಶುವೈದ್ಯಕೀಯ ಕಾಲೇಜು ಇದೆ, ಪಶು ಸಂಜೀವಿನಿಯ (ಸಂಚಾರಿ ಪಶು ಚಿಕಿತ್ಸಾ ವಾಹನ) 1962ಕ್ಕೂ ಕರೆ ಮಾಡಬಹುದು. ಬೇಲಿ ನುಸುಳುವ ಗಂಡಿಗೆ, ಪದೇ ಪದೇ ಗೂಡು ತೋಡುವ ಹೆಣ್ಣಿಗೆ ಸಂತಾನಹರಣ ಮಾಡಿಸುವ ಬಗ್ಗೆಯೂ ಅಲ್ಲೇ ಕೇಳಿ.

ವರ್ಷಕ್ಕೆ ಎರಡು ಸಲ ನೋಡಿಕೊಳ್ಳಬೇಕಾದದ್ದು

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಬೇಲಿಯ ಮೆಷ್ ಎಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ಎದ್ದಿದೆ ಎಂದು ಉದ್ದಕ್ಕೂ ಕಾಲಲ್ಲಿ ತುಳಿದು ನೋಡಿ. ಮಣ್ಣು ಕೊಚ್ಚಿಹೋದ ಕಡೆ ಜಾಲರಿಯ ಕೆಳಗೆ ಟೊಳ್ಳಾಗಿರುತ್ತದೆ, ಅಲ್ಲಿ ಕಲ್ಲು ತುಂಬಿ. ಅಗೆಯುವ ಜಾಗದ ಮೇಲಿನ ಶೀಟು ಗಾಳಿಗೆ ಹಾರದಂತೆ ಕಟ್ಟಿ.

ಅಕ್ಟೋಬರ್, ನವೆಂಬರಿನಲ್ಲಿ ಮಳೆ ಬಿಟ್ಟ ಮೇಲೆ ಆ ಜಾಗದ ಮರಳನ್ನು ಒಮ್ಮೆ ಹೊರಗೆ ತೆಗೆದು ಎರಡು ದಿನ ಬಿಸಿಲಿಗೆ ಹರಡಿ, ಮತ್ತೆ ತುಂಬಿ. ಅಂಗಳ ಮಾಡುವ ಕೆಲಸವೂ ಆಗಲೇ ಬರುತ್ತದೆ. ಕೆತ್ತಿದ ಮಣ್ಣು ಗಟ್ಟಿಯಾಗಿ, ಸಗಣಿ ಸಾರಿಸಿ ಒಣಗುವವರೆಗೆ ನಾಯಿಯನ್ನು ಹಿತ್ತಲ ಕಡೆಗೇ ಬಿಡಿ.